ಕಡೇ ಗದ್ದೆಗೆ ಮೊದಲ ನೀರು

ಕೆರೆ ಕೋಡಿ ಬಿದ್ದ ಮಾರನೆಯ ಬೆಳಿಗ್ಗೆ ಏರಿಯ ಮೇಲಿನ ಹೊಂಗೆಮರದ ಕೆಳಗೆ ನಾವು ನಾಲ್ಕೈದು ಜನ ಸೇರಿದ್ದೆವು. ಊರಿನ ಯಜಮಾನರು ಟವೆಲ್ಲು ಹಾಸಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ಪಂಚಾಯ್ತಿ ಮೆಂಬರು, ನನಗಿಂತ ಸಾಕಷ್ಟು ಚಿಕ್ಕ ಹುಡುಗ, ಕೋಡಿಯ ಕಡೆಗೆ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ. ನಮ್ಮವ್ವ ಬಾಗಿನ ಬಿಡುವುದಕ್ಕೆಂದು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟುಕೊಂಡು ನಿಂತಿದ್ದಳು. ಅವಳ ಪಕ್ಕದಲ್ಲಿ ಕಡೇ ಗದ್ದೆ ಅತ್ತೆ. ಕೆರೆಯ ಕೆಳಗಿನ ಬಯಲಿನಲ್ಲಿ ಕಾಲುವೆ ಎಲ್ಲಿ ಮುಗಿಯುತ್ತದೋ ಅಲ್ಲಿ ಅವಳ ಗದ್ದೆ. ಹಾಗಾಗಿ ಊರಿಗೆಲ್ಲ ಅವಳು ಕಡೇ ಗದ್ದೆಯವಳು. ನನಗೆ ರಕ್ತ ಹಂಚಿಕೊಂಡ ಅತ್ತೆಯಲ್ಲ. ನಾನು ಮಾತು ಕಲಿಯುವಾಗ ಯಾರೋ ಹೇಳಿಕೊಟ್ಟಿದ್ದರು, ಅತ್ತೆ ಅಂದೆ. ಅವಳು ಅಳಿಯ ಅಂದಳು. ಅಂದಿನಿಂದ ನನ್ನನ್ನು ಗೇಲಿ ಮಾಡುವ ಹಕ್ಕು ಅವಳದಾಯಿತು.

"ಏನಳಿಯಾ, ಮಸ್ಕತ್ತಲ್ಲಿ ಇಷ್ಟು ನೀರು ಕಂಡಿದ್ಯಾ?" ಅಂದಳು ಅತ್ತೆ.

"ಸಮುದ್ರ ಇತ್ತಲ್ಲತ್ತೆ."

"ಉಪ್ಪುನೀರು ಇಟ್ಕಂಡು ಏನ್ ಮಾಡಾನ, ಸಾರಿಗೆ ಹಾಕ್ಕಳಾನಾ?"

ಎಲ್ಲರೂ ನಕ್ಕರು. ಎಷ್ಟೋ ವರ್ಷ ಬರೀ ಜಾಲಿ ಬೆಳೆದು, ಮೇಕೆ ಹೊಡೆಯುವ ಬೀಳಾಗಿದ್ದ ಕೆರೆ ಈಗ ಕಣ್ಣು ಹಾಯುವಷ್ಟು ದೂರ ತುಂಬಿ ನಿಂತಿತ್ತು. ಮುಳುಗಿದ ಜಾಲಿಯ ತುದಿಗಳ ಮೇಲೆ ಬೆಳ್ಳಕ್ಕಿ ಕೂತಿದ್ದವು. ಮಧುಗಿರಿ ಬೆಟ್ಟದ ನೆರಳು ನೀರಿನಲ್ಲಿ ಬಿದ್ದದ್ದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೆ, ಆಮೇಲೆ ಅವತ್ತೇ. ಇಂಥ ಬೆಳಿಗ್ಗೆಯಲ್ಲಿ ಯಾರಿಗಾದರೂ ನಗು ಬರುತ್ತದೆ.

ಯಜಮಾನರು ನನ್ನನ್ನು ಕೈಮಾಡಿ ಕರೆದರು. "ಬಾರ್ಲಾ ಇಲ್ಲಿ. ಒಂದ್ ಮಾತೈತೆ."

ಹೋಗಿ ಕೂತೆ.

"ನೋಡು, ಈ ನೀರು ತೂಬಲ್ಲಿ ಬುಟ್ರೆ ಗದ್ದೆಗೆ ಒಂದು ಬೆಳೆ. ಅಷ್ಟಕ್ಕೆ ಖಾಲಿ. ಇಲ್ಲೇ ನಿಲ್ಲಿಸ್ಕಂಡ್ರೆ ಇಂಗಿ ಇಂಗಿ ಊರ ಬೋರ್‌ಗಳೆಲ್ಲ ಎರಡು ಮೂರು ವರ್ಷ ಉಸಿರಾಡ್ತವೆ. ತೂಬು ಮುಚ್ಬುಡಾನ ಅಂತ ಮಾತಾಗೈತೆ. ಸುಮ್ಕೆ ಗೂಟ ಇಳಿಬುಡೋದಲ್ಲ. ಕಲ್ಲು ಸಿಮೆಂಟಲ್ಲಿ."

"ಸುತ್ತಮುತ್ತ ಊರಲ್ಲೆಲ್ಲ ಮುಚ್ಚವ್ರೆ ಅಣ್ಣ," ಅಂದ ಮೆಂಬರು, ಫೋನು ಜೇಬಿಗೆ ಹಾಕುತ್ತ. "ಶಿರಾ ಕಡೆ, ಕೊರಟಗೆರೆ ಕಡೆ, ಎಲ್ಲಾ ಕಡೆ."

"ಮುಚ್ಚಿಸಿ ಗೌಡ್ರೆ. ನನ್ನನ್ನ ಕೇಳೋದೇನದೆ?"

ಯಜಮಾನರು ಟವೆಲ್ಲಿನ ಮಡಿಕೆಯಿಂದ ಎಲೆ ಅಡಿಕೆ ತೆಗೆದು ನನ್ನ ಮುಂದೆ ಇಟ್ಟರು. "ತೂಬಿಗೆ ನಿಮ್ಮನೇರ ಕೈ ಬಿಟ್ಟು ಇನ್ನೊಬ್ರ ಕೈ ಬಿದ್ದಿಲ್ಲ ಕಣ್ಲಾ. ಬೀಳಂಗೂ ಇಲ್ಲ. ನೀನೇ ಮುಚ್ಬೇಕು."

ನಮ್ಮದು ನೀರುಗಂಟಿ ಮನೆ. ಕೆರೆಯ ನೀರನ್ನು ತೂಬಿನಿಂದ ಬಿಡುವುದು, ಕಾಲುವೆಯಲ್ಲಿ ನಡೆಸಿಕೊಂಡು ಹೋಗಿ ಗದ್ದೆಗದ್ದೆಗೆ ಹಂಚುವುದು, ಸಾಕಾದಾಗ ಮುಚ್ಚುವುದು, ಇದಿಷ್ಟು ನಮ್ಮ ತಾತನ ಕೆಲಸ, ಅವನ ಅಪ್ಪನ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದೊಂದು ಮೊರ ಕಾಳು ಬರುತ್ತಿತ್ತು. ಅದನ್ನು ಆಯ ಅನ್ನುತ್ತಿದ್ದರು. ನನ್ನಪ್ಪ ಬೇಗ ಹೋದವನು. ಆದ್ದರಿಂದ ನಾನು ತಾತನ ಹೆಗಲ ಮೇಲೆ, ಆಮೇಲೆ ಅವನ ಹಿಂದೆ ಹಿಂದೆ ಬೆಳೆದೆ.

ನಮ್ಮ ತೂಬು ಈಗಿನ ಕಬ್ಬಿಣದ ಗೇಟಿನದಲ್ಲ. ನೀರಿನೊಳಗೆ ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು, ಅದರ ತೂತಿನಿಂದ ತಳದವರೆಗೆ ಇಳಿದ ಉದ್ದನೆಯ ಮರದ ಗೂಟ. ಗೂಟ ಎತ್ತಬೇಕಾದರೆ ಈಜಿ ಹೋಗಬೇಕು. ತಾತ ಅವತ್ತು ಬರೀ ಹೊಟ್ಟೆಯಲ್ಲಿ ಹೋಗುತ್ತಿದ್ದ. ಕಂಬಕ್ಕೆ ಅರಿಶಿನ ಹಚ್ಚಿ, ಗೂಟ ಎತ್ತಿ, ಈಜಿ ಬಂದು ಏರಿ ಇಳಿದು, ಗುದ್ದಲಿ ಹೆಗಲಿಗೇರಿಸಿ ನೀರಿಗಿಂತ ಮುಂದೆ ನಡೆಯುತ್ತಿದ್ದ. ಅವನ ಹಿಂದೆ ನಾನು, ನನ್ನ ಹಿಂದೆ ನೀರು. ಒಣಗಿದ ಕಾಲುವೆಯಲ್ಲಿ ಮೊದಲ ನೀರು ಬರುವುದನ್ನು ನೋಡದವರಿಗೆ ಅದನ್ನು ಹೇಗೆ ಹೇಳಲಿ? ಅದರ ಮೂತಿಯಲ್ಲಿ ತರಗೆಲೆ, ಇರುವೆ, ಕಡ್ಡಿ, ನೊರೆ. ಒಂದು ಕಡೆ ನಿಂತು ಯೋಚಿಸುತ್ತದೆ, ಬಿರುಕಿನೊಳಗೆ ತಲೆ ಹಾಕುತ್ತದೆ, ಗುಟುಕು ಗುಟುಕು ಕುಡಿದು ಮತ್ತೆ ಹೊರಡುತ್ತದೆ. ತಾತ ಅದನ್ನು ದನದ ಹಾಗೆ ಮಾತಾಡಿಸುತ್ತಿದ್ದ. "ಮುನಿಸ್ಕಂಡೈತೆ ಕಣ್ಲಾ, ಆ ಕಲ್ಲು ತೆಗಿ." "ಅವಸರ ಬಿದ್ದೈತೆ, ಒಂದು ಹೆಂಟೆ ಅಡ್ಡ ಇಡು." ನನ್ನ ಕನ್ನಡ ಬಂದದ್ದು ಅಲ್ಲಿಂದಲೇ. ಶಾಲೆಯಲ್ಲಿ ಕಲಿತದ್ದು ಆಮೇಲೆ.

ಅವನ ಕಟ್ಟಳೆ ಒಂದೇ. ಮೊದಲ ನೀರು ಕಡೇ ಗದ್ದೆಗೆ. ಕೆರೆಯ ಬುಡದಲ್ಲೇ ಗದ್ದೆಯಿರುವವರು ಬದುವಿನ ಮೇಲೆ ನಿಂತು ನೋಡುತ್ತಿರಬೇಕು. ನೀರು ಅವರ ಕಣ್ಣೆದುರೇ ದಾಟಿ ಹೋಗಿ ತುದಿ ಮುಟ್ಟಬೇಕು. ಆಮೇಲೆ ಹಿಂದಕ್ಕೆ ಹಿಂದಕ್ಕೆ ಒಬ್ಬೊಬ್ಬರಿಗೆ. ನಮ್ಮದೂ ಒಂದು ತುಂಡು ಇತ್ತು, ಅದಕ್ಕೆ ಎಲ್ಲರದೂ ಆದ ಮೇಲೆ. ಕೆಲವರು ಬೀಡಿಯ ಕಟ್ಟು ಕೊಟ್ಟು ಕಣ್ಣು ಹೊಡೆಯುತ್ತಿದ್ದರು. ತಾತ ಬೀಡಿ ಈಸಿಕೊಂಡು, ಅವರೆದುರೇ ಕೂತು ಸೇದಿ, ಎದ್ದು ನೀರಿನ ಜೊತೆ ಕಡೇ ಗದ್ದೆಗೆ ಹೋಗುತ್ತಿದ್ದ. "ಬೀಡಿ ಚೆನ್ನಾಗೈತೆ ಕಣಪ್ಪ" ಅಂತ ಅಲ್ಲಿಂದಲೇ ಕೂಗುತ್ತಿದ್ದ.

ಕೆರೆ ಒಣಗಿತು, ಬೋರುಗಳು ಬಂದವು, ತಾತ ಹೋದ. ನೀರುಗಂಟಿಯ ಮೊಮ್ಮಗ ಮಧುಗಿರಿಯಲ್ಲಿ ಮೋಟಾರು ಸುತ್ತುವುದನ್ನು ಕಲಿತ. ಬಾವಿಯೊಳಗಿನ ಮೋಟಾರು ಸುಟ್ಟರೆ ಅದರ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಶಿರಾದ ಒಬ್ಬ ಸಾಹೇಬರು ಗಲ್ಫಿಗೆ ಜನ ಕಳಿಸುತ್ತಿದ್ದರು. ಅಂಗಡಿಗೆ ಬಂದವರು ನನ್ನ ಕೈ ನೋಡಿ, "ಮಿಯಾ, ಉಧರ್ ಭೀ ಪಾನಿಕಾಚ್ ಕಾಮ್ ಹೈ" ಅಂದರು. ಅಲ್ಲಿಯೂ ನೀರಿನ ಕೆಲಸವೇ ಅಂದದ್ದು ಕೇಳಿ ಹೊರಟುಬಿಟ್ಟೆ. ಅವ್ವ ಹುರಿಗಡಲೆ ಪುಡಿಯ ಡಬ್ಬ ಕೊಟ್ಟು, ಅಳದೆ ನಿಂತಿದ್ದಳು.

ಓಮನ್ನಿನಲ್ಲಿ ನನ್ನನ್ನು ಹಾಕಿದ್ದು ಬೋಳು ಬೆಟ್ಟದ ಬುಡದ ಖರ್ಜೂರದ ತೋಟಕ್ಕೆ. ಮೊದಲ ದಿನ ಆ ಬೆಟ್ಟವನ್ನೇ ನೋಡುತ್ತ ನಿಂತೆ. ಅವ್ವನ ತವರಿನ ಕಡೆಯ ನಿಡುಗಲ್ಲಿನ ಬೆಟ್ಟವನ್ನು ಯಾರೋ ಒಂದು ಹುಲ್ಲುಕಡ್ಡಿಯೂ ಉಳಿಯದ ಹಾಗೆ ಕೆರೆದು ಅಲ್ಲಿಟ್ಟ ಹಾಗೆ. ಪಂಪುಮನೆಯ ಪಕ್ಕದ ತಗಡಿನ ಕೋಣೆ ನನ್ನದು. ಬೆಳಿಗ್ಗೆ ಮೋಟಾರು ಹಾಕಬೇಕು, ಸಂಜೆ ಆರಿಸಬೇಕು, ಕೆಟ್ಟರೆ ಸುತ್ತಬೇಕು. ಮಾತಿಗೆ ಜನ ಇಲ್ಲ. ಕೆಲವು ದಿನ ನಾನು ಮೋಟಾರಿನ ಜೊತೆಗೇ ಕನ್ನಡ ಮಾತಾಡಿದ್ದುಂಟು.

ಆ ಊರಿಗೆ ಬೆಟ್ಟದ ಹೊಟ್ಟೆಯಿಂದ ನೆಲದಡಿಯ ಸುರಂಗದಲ್ಲಿ ಹರಿದು ಬರುವ ಹಳೆಯ ಕಾಲುವೆಯೊಂದಿತ್ತು. ಮೊದಲು ಕುಡಿಯುವವರಿಗೆ, ಆಮೇಲೆ ಮಸೀದಿಗೆ, ಆಮೇಲೆ ತೋಟಗಳಿಗೆ ಪಾಳಿ. ಪಾಳಿ ಹಂಚುವ ಮುದುಕರೊಬ್ಬರಿದ್ದರು, ಅವರನ್ನು ಅಲ್ಲಿಯ ಭಾಷೆಯಲ್ಲಿ ಅರೀಫ್ ಅನ್ನುತ್ತಿದ್ದರು. ಬಯಲಿನಲ್ಲಿ ನೆಟ್ಟ ಕೋಲಿನ ನೆರಳು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋದರೆ ಒಬ್ಬನ ಪಾಳಿ ಮುಗಿಯಿತು. ಮುದುಕರು ಬಿಳಿ ಅಂಗಿಯಲ್ಲಿ, ಗೋಡೆಗೆ ಒರಗಿ, ನೆರಳು ನೋಡುತ್ತ ಕೂತಿರುತ್ತಿದ್ದರು. ನಾನು ಮೊದಲ ಸಲ ನೋಡಿದಾಗ ತಾತನನ್ನೇ ಯಾರೋ ಒಗೆದು ಇಸ್ತ್ರಿ ಮಾಡಿ ಕೂರಿಸಿದ್ದಾರೆ ಅನ್ನಿಸಿತು. ದಾರಿಯಲ್ಲಿ ಹೋಗುವ ಕಾರಿನವರೂ ನಿಲ್ಲಿಸಿ ಅವರಿಗೆ ಸಲಾಮು ಹೇಳಿ ಹೋಗುತ್ತಿದ್ದರು.

ಅವರಿಗೆ ಒಂದಿಷ್ಟು ಹಿಂದಿ ಬರುತ್ತಿತ್ತು. ನನ್ನ ತಾತನ ಕೆಲಸ ಹೇಳಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಡತೊಡಗಿದರು. ಆದರೆ ದಿನವೂ ಒಂದು ಪ್ರಶ್ನೆ: "ಇವತ್ತು ಮೋಟಾರು ಎಷ್ಟು ಹೊತ್ತು?" ನಾನು ಓಡಿಸುವ ಬೋರು ಅವರ ಕಾಲುವೆಯ ಬೇರಿಗೇ ಬಾಯಿ ಹಾಕಿತ್ತು. ನನ್ನ ಕಣ್ಣೆದುರೇ ಕಾಲುವೆ ಸಣ್ಣಗಾಗುತ್ತ ಬಂತು. ಮೋಟಾರು ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ತೋಟದ ಧಣಿ ಹೇಳಿದಷ್ಟು ಹೊತ್ತು ಅದು ಓಡಬೇಕು. ಒಂದು ದಿನ ಕೇಳಿಯೇಬಿಟ್ಟೆ, ಇಷ್ಟು ಸಣ್ಣ ನೀರಿಗೆ ಇನ್ನೂ ಯಾಕೆ ಬಿಸಿಲಲ್ಲಿ ಕೂರುತ್ತೀರಿ ಅಂತ. ಮುದುಕರು ನನ್ನನ್ನು ಮೊದ್ದನನ್ನು ನೋಡುವ ಹಾಗೆ ನೋಡಿದರು. ನೀರು ಎಲ್ಲರಿಗೂ ಸಾಕಾಗುವಷ್ಟಿದ್ದರೆ ನಾನು ಯಾಕಪ್ಪ ಬೇಕು, ಅಂದರು.

ಆ ಮಾತು ನನ್ನೊಳಗೆ ಕೂತಿತು. ತಗಡಿನ ಕೋಣೆಯಲ್ಲಿ ಮಲಗಿ ತಾತನ ಕಾಲುವೆಯನ್ನು ತೂಬಿನಿಂದ ತುದಿಯವರೆಗೆ ನೆನಪಿನಲ್ಲೇ ನಡೆದುಬರುತ್ತಿದ್ದೆ. ಎಲ್ಲಿ ತಿರುವು, ಎಲ್ಲಿ ಹುಣಸೆಮರ, ಎಲ್ಲಿ ನೀರು ಮುನಿಸಿಕೊಳ್ಳುತ್ತದೆ. ನಾನು ಹುಟ್ಟಿದ್ದು ನೀರು ಎತ್ತುವುದಕ್ಕಲ್ಲ, ಹಂಚುವುದಕ್ಕೆ ಅಂತ ನನಗೆ ತಿಳಿದದ್ದು ಸಮುದ್ರದ ಆಚೆ ಹೋದ ಮೇಲೆ. ಅಲ್ಲಿಗೆ ಹೋಗದಿದ್ದರೆ ತಾತನ ಕೆಲಸ ನನಗೆ ಕೆಸರಿನ ಕೆಲಸವಾಗಿಯೇ ಉಳಿಯುತ್ತಿತ್ತೇನೋ. ಕರಾರು ಮುಗಿದಾಗ ಮುಂದುವರಿಸಿಕೊಳ್ಳದೆ ಬಂದುಬಿಟ್ಟೆ.

ಯಾಕೆ ಬಂದೆ ಅಂದವರಿಗೆ "ನೀರುಗಂಟಿ ಆಗೋಕೆ" ಅಂದೆ. ಕೆರೆಯಲ್ಲಿ ಆಗ ಜಾಲಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಸ್ಕತ್ತು ಅಂತ ಹೆಸರಿಟ್ಟರು. ಬದುಕಬೇಕಲ್ಲ, ಬಡವನಹಳ್ಳಿಯಲ್ಲಿ ಮೋಟಾರು ಸುತ್ತುವ ಅಂಗಡಿ ಹಾಕಿದೆ. ಪುರವರದ ಕಡೆಯಿಂದಲೂ ಸುಟ್ಟ ಮೋಟಾರು ಹೇರಿಕೊಂಡು ಬರುತ್ತಾರೆ. ತೂಬಿನ ಬಾಯಿ ಒಣಗಿಸಿದ ಬೋರುಗಳೇ ನನ್ನ ಮನೆಯ ಒಲೆ ಉರಿಸುತ್ತ ಬಂದಿವೆ. ಊಟಕ್ಕೆ ಕೂತಾಗಲೆಲ್ಲ ಇದು ನೆನಪಾಗುತ್ತದೆ. ಆದರೂ ಉಣ್ಣುತ್ತೇನೆ.

ಎಲೆ ಅಡಿಕೆಯನ್ನು ಕೈಗೆ ತೆಗೆದುಕೊಳ್ಳದೆ, ಯೋಚಿಸಿ ಹೇಳುತ್ತೇನೆ ಅಂದು ಏರಿ ಇಳಿದೆ. ಅತ್ತೆ ಹಿಂದೆಯೇ ಬಂದಳು.

"ಬಾ ಅಳಿಯಾ, ಒಂದ್ ತಮಾಷೆ ತೋರುಸ್ತೀನಿ."

ಅವಳ ಗದ್ದೆಗೆ ಕರೆದುಕೊಂಡು ಹೋದಳು. ಮೂಲೆಯಲ್ಲಿ ಭತ್ತದ ಒಟ್ಲು ಎದ್ದಿತ್ತು. ನಾಟಿಗೆಂದು ಒತ್ತಾಗಿ ಎಬ್ಬಿಸಿದ ಗಿಣಿಹಸಿರು ಪೈರು. ಕೆರೆಯ ನೀರು ತೂಬಿನ ಕಂಬ ಮುಟ್ಟಿತೆಂದು ಕೇಳಿದ ದಿನವೇ ಹೋಗಿ ಬೀಜ ತಂದು ಚೆಲ್ಲಿದ್ದಳಂತೆ. ಅವಳಿಗೆ ಬೋರಿಲ್ಲ. ಹಳ್ಳದಿಂದ ಕೊಡದಲ್ಲಿ ಹೊತ್ತು ಹುಯ್ದು ಅಷ್ಟನ್ನು ಎಬ್ಬಿಸಿದ್ದಳು.

"ತೂಬು ತೆಗಿತಾರೆ ಅಂತ ಯಾರತ್ತೆ ಹೇಳಿದ್ದು ನಿಂಗೆ?"

"ಯಾರ್ ಹೇಳ್ಬೇಕ್ಲಾ? ಕೆರೆ ತುಂಬ್ತು. ಮೊದಲ್ನೀರು ನಂದು. ನಿಮ್ಮ ತಾತ ಇದ್ದಾಗ ಯಾರಾದ್ರೂ ಬಂದು ಹೇಳಿ ಹೋಗ್ತಿದ್ರಾ?" ಅಂದು, ಪೈರಿನ ತಲೆ ಸವರಿ ಸೀರೆಗೆ ಕೈ ಒರೆಸಿಕೊಂಡಳು. ಯಜಮಾನರ ಮಾತು ಅವಳಿಗೂ ಕೇಳಿಸಿತ್ತು. ಕೇಳಿಸಿಕೊಂಡೇ ಕರೆತಂದಿದ್ದಳು.

ಮನೆಗೆ ಬಂದು ಊಟಕ್ಕೆ ಕೂತೆ. ಅವ್ವ ನಿಡುಗಲ್ ಕಡೆಯವಳು. ಸಿಟ್ಟು ಬಂದಾಗ ತೆಲುಗು ತಾನಾಗಿ ನಾಲಿಗೆಗೆ ಬರುತ್ತದೆ.

"ಏಮಿರಾ ನಾಯ್ನಾ, ಮುದ್ದೆ ತಣ್ಣಗಾಗ್ತಾ ಐತೆ. ನಿಮ್ಮ ತಾತ ವರ್ಷಾವರ್ಷ ತೂಬು ಮುಚ್ತಿರಲಿಲ್ವೇನ್ರಾ? ಇಂಗೆ ಮಕ ಊದಿಸ್ಕಂಡು ಕೂತಿದ್ದನ್ನ ನಾನು ನೋಡ್ಲಿಲ್ಲ."

"ತಾತ ಮುಚ್ತಿದ್ದಿದ್ದು ಮತ್ತೆ ತೆಗಿಯೋಕೆ ಕಣವ್ವ."

"ತೆಗಿಯಪ್ಪಾ ತೆಗಿ. ನಾಳೆ ಊರ ಬೋರೆಲ್ಲ ಬತ್ತಿದ್ರೆ ನೀನು ಸುತ್ತೋದು ಏನನ್ನ, ನನ್ನ ಹಳೇ ಸೀರೇನಾ?"

ನಗು ಬರಲಿಲ್ಲ. ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಯಜಮಾನರು ಹೇಳಿದ್ದರಲ್ಲೂ ಇರಲಿಲ್ಲ. ಊರಲ್ಲಿ ಈಗ ಭತ್ತ ಬೆಳೆಯುವವರು ಯಾರಿದ್ದಾರೆ? ಎಲ್ಲರದೂ ಬೋರಿನ ತೋಟ, ಕುಡಿಯುವ ನೀರೂ ಬೋರಿನದೇ. ಯಾರದಾದರೂ ತಪ್ಪಾಗಿದ್ದರೆ ಅವರ ಮೇಲೆ ಕೂಗಾಡಿ ಹಗುರಾಗಬಹುದಿತ್ತು. ಇಲ್ಲಿ ಕೂಗುವುದಕ್ಕೆ ಯಾರೂ ಸಿಗಲಿಲ್ಲ. ನಾನು ಯಾವುದಕ್ಕೆ ಹಿಂದಿರುಗಿ ಬಂದೆನೋ ಆ ಕೆಲಸವನ್ನೇ ನನ್ನ ಕೈಯಿಂದ ಮುಗಿಸಬೇಕೆಂದು ಊರು ಮರ್ಯಾದೆಯಿಂದ ಎಲೆ ಅಡಿಕೆ ಇಟ್ಟು ಕೇಳಿತ್ತು.

ಮಾರನೆಯ ದಿನ ಯಜಮಾನರ ಜಗಲಿಗೆ ಹೋದೆ.

"ಮುಚ್ತೀನಿ. ಅದಕ್ಕೆ ಮುಂಚೆ ಒಂದು ಸಲ ತೆಗಿತೀನಿ. ಕಡೇ ಗದ್ದೆಗೆ ಒಂದು ನೀರು."

"ಒಂದು ನೀರಿಗೆ ಭತ್ತ ಬೆಳೆದುಬುಡ್ತದೇನ್ಲಾ?"

"ಗದ್ದೆ ನೆನೆದ್ರೆ ನಾಟಿ ಹಾಕ್ಕಂತಾಳೆ. ಆಮೇಲಿಂದು ಮಳೆ ನೋಡ್ಕಳ್ಳಲಿ. ಕೆರೆ ಕೋಡಿ ಹರಿತಾನೇ ಐತಲ್ಲ ಗೌಡ್ರೆ, ಹಳ್ಳಕ್ಕೆ ಹೋಗೋದು ಗದ್ದೆಗೆ ಹೋಗ್ಲಿ."

ಮೆಂಬರು ನಕ್ಕ. "ಅಣ್ಣಾ, ಕಾಲುವೆ ಎಲ್ಲೈತೆ ಅಂತ ನೋಡಿದ್ಯಾ?"

ನಾನು ನೋಡಿರಲಿಲ್ಲ. ಓಮನ್ನಿನಲ್ಲಿ ಎಷ್ಟೋ ಸಲ ನಡೆದಿದ್ದೆ, ಊರಿಗೆ ಬಂದ ಮೇಲೆ ಒಂದು ಸಲವೂ ಕಡೆಯವರೆಗೆ ನಡೆದಿರಲಿಲ್ಲ. ಒಣಕಾಲುವೆಯಲ್ಲಿ ನಡೆಯುವುದೇನು ಅಂತ.

ಯಜಮಾನರು ಒಂದು ದಿನ, ನಾಳೆ ಹೊತ್ತು ಮುಳುಗುವವರೆಗೆ, ಅವಕಾಶ ಕೊಟ್ಟರು.

ಮರುದಿನ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಈಜಿದೆ. ನೀರು ತಣ್ಣಗಿತ್ತು, ಜಾಲಿ ಮುಳ್ಳು ತೊಡೆಗೆ ಗೀರಿತು. ಕಂಬಕ್ಕೆ ಅರಿಶಿನ ಹಚ್ಚಿ ಗೂಟ ಹಿಡಿದು ಜಗ್ಗಿದೆ, ಕೂತುಬಿಟ್ಟಿತ್ತು. ಜಗ್ಗಿ ಜಗ್ಗಿ ಅಲ್ಲಾಡಿಸಿದ ಮೇಲೆ ಒಳಗೆಲ್ಲೋ ಕೆಳಗಿನಿಂದ ಗೊಳಗೊಳ ಸದ್ದು ಬಂತು. ಆ ಸದ್ದು ನನ್ನ ಕಾಲಿನಿಂದ ಎದೆಗೆ ಹತ್ತಿತು. ಈಜಿ ಬಂದು ಏರಿಯ ಆಚೆ ಓಡಿದೆ. ತೂಬಿನ ಹೊರಬಾಯಿಂದ ಕಪ್ಪು ರಾಡಿ, ಆಮೇಲೆ ಕೆಂಪು, ಆಮೇಲೆ ತಿಳಿನೀರು. ಗುದ್ದಲಿ ಹೆಗಲಿಗಿಟ್ಟು ಮುಂದೆ ನಡೆದೆ.

ಮೊದಮೊದಲು ಕಾಲುವೆ ಇತ್ತು. ಪ್ಲಾಸ್ಟಿಕ್ ಚೀಲ, ಗಾಜಿನ ಬಾಟಲಿ, ಲಂಟಾನ ಕಿತ್ತು ಕಿತ್ತು ದಾರಿ ಮಾಡಿದೆ. ನೀರು ಹಿಂದೆ ಬರುತ್ತಿತ್ತು, ಅದೇ ತರಗೆಲೆ, ಅದೇ ನೊರೆ. "ಬಾ ಬಾ, ಮುನಿಸ್ಕಬ್ಯಾಡ" ಅಂತ ಜೋರಾಗಿಯೇ ಅಂದೆ. ಹುಣಸೆಮರ ದಾಟಿದ ಮೇಲೆ ಕಾಲುವೆ ನೆಲಗಡಲೆ ಹೊಲದೊಳಗೆ ಕರಗಿಹೋಗಿತ್ತು. ಅಂಚಿನಲ್ಲಿ ಅಗೆದು ಹೇಗೋ ದಾಟಿಸಿದೆ. ಅದರಾಚೆ, ತಾತನ ಕಾಲುವೆ ಬಲಕ್ಕೆ ಹೊರಳುವ ಜಾಗದಲ್ಲಿ, ಒಂದು ಹೊಸ ಮನೆ. ಅದರ ಹಿತ್ತಲ ಕೊಟ್ಟಿಗೆ ಕಾಲುವೆಯ ಮೇಲೇ ಕಟ್ಟಿದ್ದು.

ನಾನು ಕೂಗುವಷ್ಟರಲ್ಲಿ ನೀರು ಕೊಟ್ಟಿಗೆಗೆ ನುಗ್ಗಿತು. ಸೀಮೆಹಸು ಹಗ್ಗ ಜಗ್ಗಿ ಒದರಿತು. ಕಂಕುಳಲ್ಲಿ ಮಗು ಇಟ್ಟುಕೊಂಡ ಹೆಣ್ಣುಮಗಳೊಬ್ಬಳು ಓಡಿಬಂದಳು. ಬೇರೆ ಊರಿಂದ ಬಂದ ಸೊಸೆ.

"ಅಯ್ಯಯ್ಯೋ, ಯಾರಣ್ಣ ನೀನು? ಕಣ್ಣು ಕಾಣಲ್ವಾ?"

"ಇದು ಕಾಲುವೆ ಕಣಮ್ಮ."

"ಕಾಲುವೆನಾ? ನಾನು ಬಂದಾಗಿಂದ ಇಲ್ಲಿ ಒಂದು ತೊಟ್ಟು ನೀರು ಕಂಡಿಲ್ಲ. ಹಸ ಕಾಲು ಜಾರಿ ಬಿದ್ರೆ ನೀನು ಎತ್ತೀಯಾ?"

ಅವಳು ಹೇಳಿದ್ದೂ ನಿಜವೇ. ಕೊಟ್ಟಿಗೆಯ ಮುಂದೆ ಒಡ್ಡು ಒಡೆದು ನೀರನ್ನು ಹಳ್ಳಕ್ಕೆ ತಿರುಗಿಸಿದೆ. ಅದು ಹೊರಳಿ ಹಳ್ಳಕ್ಕೆ ಬಿತ್ತು, ಎಷ್ಟೋ ವರ್ಷದಿಂದ ಗೊತ್ತಿದ್ದ ದಾರಿ ಅನ್ನುವ ಹಾಗೆ. ನಾನು ಮಗುವಿನ ತಾಯಿಗೆ ಸಗಣಿ ಕೊಚ್ಚೆ ಬಾಚಿಕೊಟ್ಟು, ಹಸು ಬೇರೆ ಕಡೆ ಕಟ್ಟಿ, ಬರಿಗುದ್ದಲಿ ಹಿಡಿದು ಕೊಟ್ಟಿಗೆಯಾಚೆ ನಡೆದೆ.

ಕಡೇ ಗದ್ದೆಗೆ ನೀರು ಹೊಗುವ ಮಡೆಬಾಯಲ್ಲಿ ಅತ್ತೆ ಸೀರೆ ಎತ್ತಿಕಟ್ಟಿ, ಗುದ್ದಲಿ ಊರಿಕೊಂಡು ನಿಂತಿದ್ದಳು. ಬೆಳಿಗ್ಗೆಯಿಂದ ನಿಂತಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಒಣ ಮಡೆಯಲ್ಲಿ ಅರಿಶಿನ, ಕುಂಕುಮ, ಒಂದು ಹೂವು. ನನ್ನ ಹಿಂದೆ ನೋಡಿದಳು. ಮತ್ತೆ ನೋಡಿದಳು.

"ಎಲ್ಲಿ ಬುಟ್ಟು ಬಂದೆ ಅಳಿಯಾ?"

"ಕೊಟ್ಟಿಗೆ ಕಟ್ಟವ್ರೆ ಅತ್ತೆ. ಮುಂದಕ್ಕೆ ದಾರಿ ಇಲ್ಲ."

ಗೇಲಿ ಮಾಡುತ್ತಾಳೆ ಅಂದುಕೊಂಡೆ. ಮಾಡಿದ್ದರೆ ಚೆನ್ನಾಗಿತ್ತು. ಗುದ್ದಲಿಯನ್ನು ಬದುವಿಗೆ ಒರಗಿಸಿ, "ಬೆಳಗಿಂದ ಏನೂ ತಿಂದಿಲ್ಲ ಅಲ್ವಾ, ಬಾ" ಅಂದು ಟವೆಲ್ಲಿನ ಗಂಟಿನಿಂದ ರೊಟ್ಟಿ ತೆಗೆದು ಅರ್ಧ ನನಗೆ ಮುರಿದು ಕೊಟ್ಟಳು. ಒಟ್ಲಿನ ಪಕ್ಕ ಕೂತು ತಿಂದೆವು. ಪೈರಿನ ತುದಿ ಹಳದಿಗೆ ತಿರುಗತೊಡಗಿತ್ತು.

ಹೊತ್ತು ಮುಳುಗುವ ಮುಂಚೆ ಈಜಿ ಹೋಗಿ ಗೂಟ ಇಳಿಬಿಟ್ಟೆ. ಮುಂದಿನ ವಾರ ತೂಬಿನ ಹೊರಬಾಯಿಗೆ ಕಲ್ಲು ಸಿಮೆಂಟು. ಗಾರೆಯವನು ಕಲಸಿಕೊಟ್ಟ, ಮೊದಲ ಕಲ್ಲು ನಾನಿಟ್ಟೆ. ಯಜಮಾನರು ಕಾಯಿ ಒಡೆದರು. ಮೆಂಬರು ವಿಡಿಯೋ ಮಾಡಿದ. ಅದರಲ್ಲಿ ನನ್ನ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಆ ವರ್ಷ ಬೋರುಗಳಲ್ಲಿ ನೀರು ಮೇಲೆ ಬಂತು. ನನ್ನ ಅಂಗಡಿಗೆ ಸುಟ್ಟ ಮೋಟಾರು ಬರುವುದು ಕಡಿಮೆಯಾಗಿ, ಹೊಸದು ಇಳಿಸುವ ಕೆಲಸ ಹೆಚ್ಚಿತು. ಓಮನ್ನಿನ ಮುದುಕರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇದ್ದರೆ ದಿನದ ಆ ಪ್ರಶ್ನೆಯನ್ನು, ಇವತ್ತು ಮೋಟಾರು ಎಷ್ಟು ಹೊತ್ತು ಅಂತ, ಕೇಳಿಯೇ ಕೇಳುತ್ತಾರೆ.

ಅತ್ತೆ ಪೈರು ಕಿತ್ತು ಹಸುವಿಗೆ ಹಾಕಿದಳು. ಗದ್ದೆ ಉಳುಮೆ ಮಾಡಿಸಿ, ಇದ್ದ ಹಸಿಗೆ ಹುರುಳಿ ಚೆಲ್ಲಿದಳು. ಇಬ್ಬನಿಯಲ್ಲೇ ಅದು ಎದ್ದುಕೊಂಡಿತು.

ಸುಗ್ಗಿ ಮುಗಿದ ಒಂದು ಬೆಳಿಗ್ಗೆ ನಾನು ಮನೆಯೊಳಗೆ ಮೋಟಾರು ಬಿಚ್ಚುತ್ತ ಕೂತಿದ್ದೆ. ಬಾಗಿಲಲ್ಲಿ ಅತ್ತೆಯ ದನಿ ಕೇಳಿಸಿತು. "ಅತ್ತಿಗೆ, ಕಡೇ ಗದ್ದೆ ಆಯ ತಂದಿವ್ನಿ. ಈಸ್ಕಳ್ಳಿ." ಅವ್ವ ಏನೂ ಕೇಳದೆ ಹೋಗಿ ಸೆರಗೊಡ್ಡಿದಳು. ಒಂದು ಮೊರ ಹುರುಳಿ ಸುರಿದ ಸದ್ದು ಬಂತು. ನಾನು ತಂತಿ ಹಿಡಿದುಕೊಂಡು ಕೂತೇ ಇದ್ದೆ, ಹೊರಗೆ ಬರಲಿಲ್ಲ.